ಬೇಟೆಯ ಮೃಗ ಮತ್ತು ಬೇಟೆಗಾರನ ಆಯ್ಕೆ

ಹಾಸನ ಸೀಮೆಯ ದೇವಾಲಯಗಳನ್ನು ಕಂಡವರೆಲ್ಲರೂ ಬಲ್ಲ ಶಿಲ್ಪವೊಂದುಂಟು. ವೀರನೊಬ್ಬನು ತನ್ನ ಮೇಲೆ ಎರಗಿದ ಮೃಗದ ಮೈಗೆ ಆಯುಧವನ್ನು ನಾಟಿಸಿ ನಿಂತಿರುವನು. ಇದು ಹೊಯ್ಸಳರ ಲಾಂಛನ. ಬೇಲೂರಿನ ಚೆನ್ನಕೇಶವ ದೇವಾಲಯದ ಬಾಗಿಲುಗಳ ಬಳಿಯಲ್ಲಿ ಇದು ಪ್ರಧಾನವಾಗಿ ಕಾಣುತ್ತದೆ. ಈ ಶಿಲ್ಪವನ್ನು ನೋಡಿದವರು, ಕನ್ನಡ ನಾಡಿನ ಬೇಟೆಗಾರನು ಎಲ್ಲ ಮೃಗಗಳಲ್ಲಿ ಹುಲಿಯನ್ನೇ ಶ್ರೇಷ್ಠವೆಂದು ಆಯ್ದು, ಅದನ್ನು ಅರಸಿಕೊಂಡು ಅಡವಿಗೆ ಹೋಗುತ್ತಿದ್ದನೆಂದು ಭಾವಿಸುವುದು ಸಹಜವಾಗಿದೆ. ಆದರೆ ಶಾಸನ, ಶಾಸ್ತ್ರ, ಕಾವ್ಯ ಎಂಬ ಮೂರು ಬಗೆಯ ಸಾಕ್ಷ್ಯಗಳನ್ನು ಒಂದೆಡೆ ಇಟ್ಟು ಪರಿಶೀಲಿಸಿದರೆ ಈ ಭಾವನೆಯು ನಿಲ್ಲುವಂತೆ ತೋರುವುದಿಲ್ಲ.

ಆಯ್ದುಕೊಳ್ಳುವ ಸ್ವಾತಂತ್ರ್ಯವಿದ್ದ ಬೇಟೆಗಾರನು ಯಾವ ಮೃಗವನ್ನು ಆಯ್ದನು? ಆ ಆಯ್ಕೆಯನ್ನು ನಿರ್ಣಯಿಸಿದುದು ಅವನ ಮನಸ್ಸಿನ ಒಲವೋ, ಅವನ ಕೈಯಲ್ಲಿದ್ದ ಸಾಧನವೋ, ಅವನ ಊರಿನ ಅಗತ್ಯವೋ? ಈ ಪ್ರಶ್ನೆಗಳು ಬರಿಯ ಕುತೂಹಲದವುಗಳಲ್ಲ. ವೀರಗಲ್ಲಿನಲ್ಲಿ ಹುಲಿಯನ್ನು ಕಂಡಾಗ ಅದನ್ನು ವಿನೋದದ ಸ್ಮಾರಕವೆಂದು ಓದಬೇಕೋ ಆಪತ್ತಿನ ಸ್ಮಾರಕವೆಂದು ಓದಬೇಕೋ ಎಂಬುದೂ, ಕಾವ್ಯಗಳಲ್ಲಿ ಬೇಟೆಯ ಪ್ರಕರಣ ಬಂದಾಗ ಹಂದಿಯೇ ಏಕೆ ಮತ್ತೆ ಮತ್ತೆ ಕಾಣಿಸಿಕೊಳ್ಳುವುದೆಂಬುದೂ ಇವುಗಳಿಗೆ ದೊರೆಯುವ ಉತ್ತರವನ್ನೇ ಅವಲಂಬಿಸಿವೆ.

೧

ಮೊದಲು ಹುಲಿಯ ವಿಚಾರ. ಹೊಯ್ಸಳ ವಂಶದ ಮೂಲವನ್ನು ಹೇಳುವ ಶಾಸನಗಳ ಕಥೆಯು ಪ್ರಸಿದ್ಧವಾಗಿದೆ. ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಊರೇ ಹಿಂದಿನ ಸೊಸೆವೂರು ಅಥವಾ ಶಶಕಪುರ. ಅಲ್ಲಿಯ ವಾಸಂತಿಕಾ ದೇವಿಯ ಸನ್ನಿಧಿಯಲ್ಲಿ ಜೈನ ಮುನಿಯೊಬ್ಬನಿದ್ದಾಗ ಹುಲಿಯೊಂದು ಮೇಲೆ ಹಾಯ್ದು ಬಂದಿತು, ಮುನಿಯು ‘ಹೊಯ್, ಸಳ’ ಎಂದನು, ಸಳನು ಹೊಡೆದನು. ಶಾಸನದಿಂದ ಶಾಸನಕ್ಕೆ ವಿವರಗಳು ಬದಲಾಗುತ್ತವೆ. ಕೆಲವೆಡೆ ಮುನಿಯ ಹೆಸರು ಸುದತ್ತನೆಂದಿದೆ; ಕೆಲವೆಡೆ ಸಳನ ಧೈರ್ಯವನ್ನು ಪರೀಕ್ಷಿಸುವುದಕ್ಕಾಗಿ ದೇವಿಯೇ ಹುಲಿಯ ರೂಪದಿಂದ ಬಂದಳೆಂದಿದೆ. ಶಿಲ್ಪಿಗಳಂತೂ ಆ ಮೃಗವನ್ನು ಅನೇಕ ವೇಳೆ ಸಿಂಹದ ಕೇಸರ ಲಕ್ಷಣಗಳೊಡನೆ ಕಡೆದಿದ್ದಾರೆ. ಆದರೆ ಎಲ್ಲ ಪಾಠಗಳಿಗೂ ಸಮಾನವಾದ ಅಂಶವೊಂದಿದೆ. ಸಳನು ಬೇಟೆಗೆ ಹೋದವನಲ್ಲ. ಹುಲಿಯನ್ನು ಅವನು ಆಯ್ದುಕೊಳ್ಳಲಿಲ್ಲ, ಹುಲಿಯೇ ಬಂದಿತು. ಹೊಡೆಯೆಂಬ ಮಾತು ಕೂಡ ಅವನದಲ್ಲ, ಮುನಿಯದು. ರಾಜವಂಶವು ತನ್ನ ಹೆಸರನ್ನು ಪಡೆದ ಈ ಘಟನೆಯು ರಕ್ಷಣೆಯ ಕಥೆಯೇ ಹೊರತು ಮೃಗಯೆಯ ಕಥೆಯಲ್ಲ.

ಕನ್ನಡ ನಾಡಿನ ಹುಲಿಬೇಟೆಯ ವೀರಗಲ್ಲುಗಳನ್ನೂ ಈ ದೃಷ್ಟಿಯಿಂದಲೇ ನೋಡಬೇಕಾಗುತ್ತದೆ. ತುರುಗಾಳಗದಲ್ಲಿ ಸತ್ತವನಿಗೆ, ಊರಳಿವಿನಲ್ಲಿ ಮಡಿದವನಿಗೆ, ಗಡಿಯ ಜಗಳದಲ್ಲಿ ಬಿದ್ದವನಿಗೆ ಕಲ್ಲು ನಿಲ್ಲಿಸಿದ ಊರೇ ಹುಲಿಯೊಡನೆ ಹೋರಾಡಿ ಸತ್ತವನಿಗೂ ಕಲ್ಲು ನಿಲ್ಲಿಸಿತು. ಇವರೆಲ್ಲರೂ ಒಂದೇ ವರ್ಗಕ್ಕೆ ಸೇರಿದವರು. ದನವನ್ನು ಕಳ್ಳರಿಂದ ಬಿಡಿಸಿದವನಿಗೂ ಹುಲಿಯಿಂದ ಬಿಡಿಸಿದವನಿಗೂ ಊರಿನವರ ಲೆಕ್ಕದಲ್ಲಿ ಭೇದವಿರಲಿಲ್ಲ. ಇಲ್ಲಿ ಬೇಟೆ ಎಂಬ ಶಬ್ದವನ್ನು ನಾವೆಷ್ಟು ಸಡಿಲವಾಗಿ ಬಳಸಿದರೂ, ಆ ವೀರನಿಗೆ ಆಯ್ಕೆಯ ಅವಕಾಶವೇ ಇರಲಿಲ್ಲವೆಂಬುದನ್ನು ಮರೆಯಬಾರದು.

ಅರಕಲಗೂಡು ಸೀಮೆಗೆ ನೆರೆಯದಾದ ಕೊಡಗಿನ ಆಚಾರವೊಂದು ಈ ಮಾತಿಗೆ ಬೆಂಬಲವಾಗಿದೆ. ಅಲ್ಲಿ ಹುಲಿಯನ್ನು ಕೊಂದವನಿಗೆ ‘ನರಿಮಂಗಲ’ ಎಂಬ ಗೌರವವು ಸಲ್ಲುತ್ತಿತ್ತು. ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ. ಕೊಂದ ಹುಲಿಯನ್ನು ತೂಗುಹಾಕಿ, ವೀರನನ್ನು ಮದುವಣಿಗನಂತೆ ಅಲಂಕರಿಸಿ ಕುಳ್ಳಿರಿಸಿ, ಬಂದವರು ಅಕ್ಕಿಯನ್ನು ತಳಿದು ಹರಸುತ್ತಿದ್ದರು. ಗೌರವವು ಮದುವೆಯ ರೂಪವನ್ನು ತಾಳಿರುವುದು ಗಮನಾರ್ಹ. ಮದುವೆಯಂತೆ ಇದೂ ಮನುಷ್ಯನ ಜೀವಮಾನದಲ್ಲಿ ಅಪರೂಪವಾಗಿ ಒದಗುವ ಸಂಗತಿ. ಪ್ರತಿ ವರ್ಷದ ಕೈಲ್ ಪೊಳ್ದ್ ಹಬ್ಬದಲ್ಲಿ ಆಯುಧಪೂಜೆಯನ್ನು ಮುಗಿಸಿ ಕೊಡವರು ಹೊರಡುತ್ತಿದ್ದ ಬೇಟೆಯಾದರೋ ಬೇರೆ. ಆ ಹಬ್ಬದ ಊಟದಲ್ಲಿ ಮುಖ್ಯವಾದುದು ಹಂದಿ.

೨

ಬಯಸಿ ಆಯ್ದ ಮೃಗ ಯಾವುದೆಂಬುದಕ್ಕೆ ಕನ್ನಡ ಶಾಸನಗಳಲ್ಲಿ ಅತ್ಯಂತ ಸ್ಪಷ್ಟವಾದ ಸಾಕ್ಷ್ಯವು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಕಲ್ಲು. ಈಗ ಅದು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಕಾಲ ಶಕ ೮೭೨, ಎಂದರೆ ಕ್ರಿ. ಶ. ೯೪೯–೫೦. ಚರಿತ್ರಕಾರರಿಗೆ ಈ ಶಾಸನವು ಮುಖ್ಯವಾದುದು ತಕ್ಕೋಲದ ಯುದ್ಧದ ಕಾರಣದಿಂದ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ಹೋರಾಡಿದ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದುದು, ಅದಕ್ಕೆ ಮೆಚ್ಚಿ ಕೃಷ್ಣನು ಬನವಾಸಿ ಪನ್ನಿರ್ಚ್ಛಾಸಿರ, ಬೆಳ್ವೊಲ ಮುನ್ನೂರು ಮೊದಲಾದ ನಾಡುಗಳನ್ನು ಅವನಿಗೆ ಕೊಟ್ಟುದು ಇದರಿಂದ ತಿಳಿದುಬರುತ್ತದೆ. ಆದರೆ ಕಲ್ಲು ಹುಟ್ಟಿದುದು ಈ ದೊಡ್ಡ ಸಂಗತಿಗಳಿಗಾಗಿ ಅಲ್ಲ, ಒಂದು ನಾಯಿಗಾಗಿ.

ಬೂತುಗನ ಸೇವಕರಲ್ಲಿ ಸಗರವಂಶದ ಮಣಲೆರನೆಂಬ ವೀರನಿದ್ದನು. ಚೋಳರೊಡನೆ ನಡೆದ ಕಾಳಗದಲ್ಲಿ ಅವನ ಶೌರ್ಯಕ್ಕೆ ಮೆಚ್ಚಿದ ಒಡೆಯನು, ಬೇಕಾದುದನ್ನು ಬೇಡಿಕೊಳ್ಳೆಂದನು. ನಾಡುಗಳೇ ದಾನವಾಗುತ್ತಿದ್ದ ಆ ಸಮಯದಲ್ಲಿ ಮಣಲೆರನು ಬೇಡಿದುದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಅವನಿಗೆ ದೊರೆಯಿತು. ಅನಂತರ ಕೆಳಲೆನಾಡಿನ ಬೆಳತೂರಿನ ಪಡುವಣ ಬೆಟ್ಟದಲ್ಲಿ ಆ ನಾಯಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಟ್ಟಿಗೆ ಸತ್ತುವು. ಆತಕೂರಿನ ಚಲ್ಲೇಶ್ವರನ ಎದುರಿಗೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟರು. ಅಲ್ಲಿಯ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪವೆಂಬ ನಿಬಂಧನೆಯೂ ಸೇರಿತು. ಕಲ್ಲಿನ ಮೇಲುಭಾಗದಲ್ಲಿ ಹಂದಿಯೊಡನೆ ಸೆಣಸುವ ನಾಯಿಯನ್ನು ಕೆತ್ತಿದೆ. ಮಣಲೆರನಿಗೆ ಬೂತುಗನು ಆತಕೂರು ಹನ್ನೆರಡನ್ನು ಬಾಳ್ಗಚ್ಚಾಗಿ ಕೊಟ್ಟ ವಿಷಯವೂ ಇದೇ ಶಾಸನದಲ್ಲಿದೆ.

ಈ ಶಾಸನದಿಂದ ಮೂರು ಸಂಗತಿಗಳು ಸಿದ್ಧವಾಗುತ್ತವೆ. ಮೊದಲನೆಯದು, ಯುದ್ಧವೀರನೊಬ್ಬನು ತನ್ನ ವಿರಾಮಕ್ಕೆ ಆಯ್ದ ಮೃಗವು ಹಂದಿ. ಎರಡನೆಯದು, ಮೃಗದ ಆಯ್ಕೆಗಿಂತ ಮೊದಲು ನಾಯಿಯ ಆಯ್ಕೆ ನಡೆದಿತ್ತು. ಕಾಳಿಯನ್ನು ಬೇಡಿದಂದೇ ಅವನು ಹಂದಿಯನ್ನೂ ಆಯ್ದಂತಾಯಿತು, ಏಕೆಂದರೆ ಅಂತಹ ನಾಯಿಗೆ ತಕ್ಕ ಎದುರಾಳಿ ಅದೇ. ಮೂರನೆಯದು, ಕೀರ್ತಿಯು ಬೇಟೆಗಾರನಿಗಲ್ಲ, ನಾಯಿಗೆ ಸಂದಿತು. ಹಂದಿಯನ್ನು ಕೊಂದೆನೆಂದು ಮಣಲೆರನು ಎಲ್ಲಿಯೂ ಹೇಳಿಕೊಂಡಿಲ್ಲ. ಮುಳಬಾಗಿಲು ತಾಲ್ಲೂಕಿನ ಮೇಲಾಗಣಿಯಲ್ಲಿಯೂ ಹಲವು ಹಂದಿಗಳನ್ನು ಕೊಂದ ನಾಯಿಯ ಸ್ಮಾರಕಶಿಲೆಯಿರುವುದರಿಂದ, ಆತಕೂರಿನ ಕಲ್ಲು ಒಬ್ಬನ ವಿಲಕ್ಷಣವಾದ ಅಭಿರುಚಿಯ ಫಲವೆಂದು ತಳ್ಳಿಹಾಕುವಂತಿಲ್ಲ.

ಹಂದಿಯೇ ಏಕೆ? ಕಾರಣಗಳು ಕಠಿನವಾದವುಗಳಲ್ಲ. ಹುಲಿಯು ದನವನ್ನು ಹಿಡಿಯುವುದು ಎಂದೋ ಒಮ್ಮೆ. ಹಂದಿಯು ಬೆಳೆದ ಹೊಲವನ್ನು ಒಂದೇ ರಾತ್ರಿಯಲ್ಲಿ ಉತ್ತುಹಾಕುತ್ತದೆ. ಜಿಂಕೆಯು ಓಡುತ್ತದೆ, ಹಂದಿಯು ಒಂದು ಹಂತದವರೆಗೆ ಓಡಿ, ಬಳಿಕ ತಿರುಗಿ ನಿಲ್ಲುತ್ತದೆ. ತಿರುಗಿ ನಿಲ್ಲುವ ಈ ಗುಣವೇ ಅದನ್ನು ವೀರನ ದೃಷ್ಟಿಯಲ್ಲಿ ಸಮಾನಸ್ಕಂಧನನ್ನಾಗಿ ಮಾಡಿತು. ಮೇಲಾಗಿ ಅದರ ಮಾಂಸವು ಉಣ್ಣುವುದಕ್ಕೆ ಬರುತ್ತದೆ, ಹುಲಿಯದು ಬರುವುದಿಲ್ಲ. ಹೊಲದ ಶತ್ರು, ಕಾಳಗದ ಸಮಾನ, ಊಟದ ಸಾಮಗ್ರಿ ಎಂಬ ಮೂರೂ ಗುಣಗಳು ಕೂಡಿದ ಮತ್ತೊಂದು ಮೃಗವು ಈ ನಾಡಿನಲ್ಲಿಲ್ಲ.

ಕವಿಗಳು ಇದನ್ನು ಚೆನ್ನಾಗಿ ಅರಿತಿದ್ದರು. ಆತಕೂರಿನ ಕಲ್ಲಿಗೆ ಕೆಲವೇ ವರ್ಷ ಮೊದಲು, ಕ್ರಿ. ಶ. ೯೪೧ರಲ್ಲಿ, ಪಂಪನು ವಿಕ್ರಮಾರ್ಜುನ ವಿಜಯವನ್ನು ರಚಿಸಿದನು. ಅದರಲ್ಲಿ ಬರುವ ಕಿರಾತಾರ್ಜುನೀಯ ಪ್ರಸಂಗಕ್ಕೆ ಹಂದಿಯೇ ನಿಮಿತ್ತ. ಒಂದೇ ಮೃಗದ ಮೇಲೆ ಇಬ್ಬರ ಬಾಣಗಳು ಬಿದ್ದಾಗ ಅದು ಯಾರದೆಂಬ ವ್ಯಾಜ್ಯವು ಹುಟ್ಟುತ್ತದೆ. ಹಳ್ಳಿಯ ಬೇಟೆಯಲ್ಲಿ ಇಂದಿಗೂ ಜನರು ಬಲ್ಲ ಈ ವ್ಯಾಜ್ಯವನ್ನೇ ಪುರಾಣಕಥೆಯು ದೇವರಿಗೂ ಮನುಷ್ಯನಿಗೂ ನಡುವೆ ಇಟ್ಟಿದೆ. ಹದಿಮೂರನೆಯ ಶತಮಾನದ ಆದಿಭಾಗದ ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ಅರಸನನ್ನು ವಿಶ್ವಾಮಿತ್ರನ ಆಶ್ರಮದ ಕಡೆಗೆ ಸೆಳೆಯುವುದು ಮಾಯೆಯ ಹಂದಿ. ಅರಸನು ಬೇಟೆಗೆ ಹೊರಡುವುದು ವಿನೋದಕ್ಕಾಗಿ ಮಾತ್ರವಲ್ಲ, ಮೃಗಗಳ ಉಪದ್ರವವನ್ನು ನಿವಾರಿಸುವುದಕ್ಕಾಗಿ. ಧರ್ಮದಿಂದ ಹೊರಟವನೇ ಹಂದಿಯ ಬೆನ್ನುಹತ್ತಿ ವಿಪತ್ತಿಗೆ ಸಿಕ್ಕುವನು. ತಮಿಳಿನ ಪೆರಿಯಪುರಾಣದಲ್ಲಿ ಕಣ್ಣಪ್ಪನು ಕಾಳಹಸ್ತಿಯ ಲಿಂಗವನ್ನು ಕಾಣುವುದು ಹಂದಿಯನ್ನು ಅಟ್ಟಿಕೊಂಡು ಹೋದ ದಿನವೇ. ಅದೇ ಭಕ್ತನ ಕಥೆಯನ್ನು ಕನ್ನಡದಲ್ಲಿ ಹರಿಹರನು ರಗಳೆಯಾಗಿ ಹಾಡಿದನು. ಈ ಮೂರು ಕಥೆಗಳಲ್ಲಿಯೂ ಬೇಟೆಗಾರನನ್ನು ಅವನ ನೆಲೆಯಿಂದ ಹೊರಗೆ, ದೈವದ ಅಥವಾ ವಿಧಿಯ ಎದುರಿಗೆ ಒಯ್ದು ನಿಲ್ಲಿಸುವ ಮೃಗವು ಹಂದಿ. ಹುಲಿಯಿಂದ ಈ ಕೆಲಸವಾಗುತ್ತಿರಲಿಲ್ಲ. ಹುಲಿಯನ್ನು ಯಾರೂ ಮನಸೋತು ಹಿಂಬಾಲಿಸುವುದಿಲ್ಲ.

೩

ಅರಮನೆಯ ಬೇಟೆಯ ಸ್ವರೂಪವು ಬೇರೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸವು ಈ ವಿಷಯದಲ್ಲಿ ಅಮೂಲ್ಯವಾದ ಆಕರ. ಐದು ವಿಂಶತಿಗಳುಳ್ಳ ಆ ಗ್ರಂಥದ ವಿನೋದವಿಂಶತಿಯಲ್ಲಿ ಸಾರಮೇಯವಿನೋದ, ಶ್ಯೇನವಿನೋದ, ಮತ್ಸ್ಯವಿನೋದ, ಮೃಗವಿನೋದಗಳು ಬೇರೆ ಬೇರೆ ಅಧ್ಯಾಯಗಳಾಗಿವೆ. ಈ ವಿಂಗಡಣೆಯನ್ನೇ ಗಮನಿಸಬೇಕು. ನಾಯಿಯಿಂದ ಆಡುವ ಬೇಟೆ ಒಂದು, ಗಿಡುಗನಿಂದ ಆಡುವುದು ಇನ್ನೊಂದು, ಗಾಳದಿಂದ ಆಡುವುದು ಮತ್ತೊಂದು. ಅರಸನು ಮೊದಲು ಸಾಧನವನ್ನು ಆಯ್ದರೆ ಮೃಗವು ತಾನಾಗಿಯೇ ನಿರ್ಣಯವಾಗುತ್ತದೆ. ಆತಕೂರಿನ ಮಣಲೆರನು ಆಚರಣೆಯಿಂದ ತೋರಿಸಿದುದನ್ನೇ ಚಾಲುಕ್ಯ ದೊರೆಯು ಶಾಸ್ತ್ರವಾಗಿ ಬರೆದಿಟ್ಟನು.

ಮೃಗವಿನೋದದಲ್ಲಿ ಪ್ರಾಧಾನ್ಯವು ಜಿಂಕೆಯದು. ಜಿಂಕೆಯನ್ನು ಹಿಡಿಯುವ ಇಪ್ಪತ್ತಕ್ಕೆ ಮೀರಿದ ವಿಧಾನಗಳನ್ನು ಅರಸನು ಎಣಿಸುತ್ತಾನೆ. ನೀರಿನ ಬಳಿ ಕಾಯುವುದು, ಮರೆಯಲ್ಲಿ ಅಡಗುವುದು, ಪಳಗಿಸಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡಿನ ಜಿಂಕೆಯನ್ನು ಬಳಿಗೆ ಸೆಳೆಯುವುದು ಇವೇ ಮೊದಲಾದುವು ಅವುಗಳಲ್ಲಿ ಸೇರಿವೆ. ಪಳಗಿದ ಈ ಸೆಳೆಮೃಗಕ್ಕೆ ಹಳಗನ್ನಡದಲ್ಲಿ ದೀವ ಎಂಬ ಹೆಸರುಂಟು. ಇಷ್ಟು ವಿಧಾನಗಳನ್ನು ಎಣಿಸುವ ಗ್ರಂಥದಲ್ಲಿ ಜಿಂಕೆಯ ಶೌರ್ಯಕ್ಕೆ ಪ್ರಶಂಸೆಯಿಲ್ಲ, ಇರುವಂತೆಯೂ ಇಲ್ಲ. ಇಲ್ಲಿ ಸಂತೋಷವು ಮೃಗದಲ್ಲಿಲ್ಲ, ಉಪಾಯದಲ್ಲಿದೆ. ಜಿಂಕೆಯನ್ನು ಕೊಂದವನಿಗೆ ಊರು ಕಲ್ಲು ನಿಲ್ಲಿಸುವುದಿಲ್ಲವೆಂಬುದನ್ನು ಇದರೊಡನೆ ಸೇರಿಸಿ ನೋಡಿದರೆ, ವಿನೋದದ ಮೃಗಕ್ಕೂ ಕೀರ್ತಿಯ ಮೃಗಕ್ಕೂ ಇರುವ ಅಂತರವು ಸ್ಪಷ್ಟವಾಗುತ್ತದೆ.

ಇದೇ ಕಾಲಕ್ಕೆ ಸೇರಿದ ಬೇಲೂರಿನ ದೇವಾಲಯವು ಕ್ರಿ. ಶ. ೧೧೧೭ರಲ್ಲಿ ಪ್ರತಿಷ್ಠಿತವಾಯಿತು. ಅದರ ಮದನಿಕೆಗಳಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯೊಬ್ಬಳಿದ್ದಾಳೆ. ಅವಳ ಎರಡು ಪಕ್ಕಗಳಲ್ಲಿ ಪರಿವಾರದ ಚಿಕ್ಕ ವಿಗ್ರಹಗಳಿವೆ. ಒಬ್ಬರು ಹೆಗಲ ಮೇಲಿನ ಬಿದಿರಿನ ತುದಿಗಳಿಗೆ ಜಿಂಕೆಯೊಂದನ್ನೂ ಕೊಕ್ಕರೆಯೊಂದನ್ನೂ ಕಟ್ಟಿ ಹೊತ್ತಿದ್ದಾರೆ. ಇನ್ನೊಬ್ಬರು ಕಾಲಿಗೆ ನೆಟ್ಟ ಮುಳ್ಳನ್ನು ತೆಗೆಯಿಸಿಕೊಳ್ಳುತ್ತಿದ್ದಾರೆ. ಬಾಗಿಲಿನ ಪಕ್ಕದ ಲಾಂಛನದಲ್ಲಿ ಮೃಗವು ವೀರನಿಗಿಂತ ದೊಡ್ಡದಾಗಿ ಎದ್ದು ನಿಂತಿದೆ. ಮದನಿಕೆಯ ಬಳಿಯಲ್ಲಿ ಅದು ಕೋಲಿಗೆ ತೂಗುವಷ್ಟು ಚಿಕ್ಕದಾಗಿದೆ. ಶಿಲ್ಪಿಯು ಒಂದೇ ದೇವಾಲಯದಲ್ಲಿ ಎರಡು ಬಗೆಯ ಬೇಟೆಯನ್ನು ತೋರಿಸಿರುವನು: ಒಂದು ವಂಶದ ಕೀರ್ತಿಗೆ, ಇನ್ನೊಂದು ದಿನದ ಅಡುಗೆಗೆ. ಕಾಲಿನ ಮುಳ್ಳನ್ನು ಮರೆಯದ ಆ ಶಿಲ್ಪಿಗೆ ಎರಡನೆಯದರ ಪರಿಚಯವೇ ಹೆಚ್ಚಾಗಿದ್ದಂತೆ ತೋರುತ್ತದೆ.

೪

ಆನೆಯ ವಿಷಯದಲ್ಲಿ ಆಯ್ಕೆಯು ಶಾಸ್ತ್ರದಿಂದಲೇ ನಿಷಿದ್ಧವಾಗಿತ್ತು. ಆನೆಯನ್ನು ಕೊಂದವನಿಗೆ ಮರಣದಂಡನೆಯನ್ನು ಕೌಟಿಲ್ಯನು ವಿಧಿಸುತ್ತಾನೆ. ಕಾಳಿದಾಸನ ರಘುವಂಶದಲ್ಲಿ ಅಜನು ತನ್ನ ಮೇಲೆ ಬಂದ ಕಾಡಾನೆಯನ್ನು, ಅರಸನು ಅದನ್ನು ಕೊಲ್ಲಬಾರದೆಂಬುದನ್ನು ನೆನೆದು, ಹಿಮ್ಮೆಟ್ಟಿಸುವಷ್ಟಕ್ಕೆ ಮಾತ್ರ ಬಾಣ ಬಿಡುವನು. ಅವನ ಮಗ ದಶರಥನು ಅದೇ ನಿಷೇಧವನ್ನು ಮೀರಿ, ನೀರಿನಲ್ಲಿ ಕೇಳಿದ ಸದ್ದನ್ನು ಆನೆಯದೆಂದು ಬಗೆದು ಎಚ್ಚನು, ಬಿದ್ದವನು ಮುನಿಕುಮಾರ. ರಾಮಾಯಣದ ದುಃಖಕ್ಕೆ ಬೀಜವಾದ ಈ ಪ್ರಮಾದವನ್ನು ಕಾಳಿದಾಸನು ಮೃಗದ ಆಯ್ಕೆಯಲ್ಲಿಯೇ ಆದ ತಪ್ಪೆಂದು ಕಂಡಿರುವುದು ಪಾಠಕರು ಗಮನಿಸತಕ್ಕ ವಿಷಯ.

ಕನ್ನಡ ನಾಡಿನಲ್ಲಿಯೂ ಆನೆಯು ಬಹುಮಟ್ಟಿಗೆ ಹಿಡಿಯತಕ್ಕ ಮೃಗವಾಗಿತ್ತೇ ಹೊರತು ಕೊಲ್ಲತಕ್ಕ ಮೃಗವಾಗಿರಲಿಲ್ಲ. ಅದನ್ನು ಹಿಡಿಯುವ ಕ್ರಮಗಳನ್ನು ಮಾನಸೋಲ್ಲಾಸವು ವಿವರಿಸುತ್ತದೆ. ಕಾಕನಕೋಟೆಯ ಅರಣ್ಯದಲ್ಲಿ ಹೈದರನು ಖೆಡ್ಡಾವನ್ನು ಯತ್ನಿಸಿ ವಿಫಲನಾದನೆಂಬ ಐತಿಹ್ಯವನ್ನು ಸ್ಯಾಂಡರ್ಸನ್ ಬರೆದಿಟ್ಟಿದ್ದಾನೆ. ಆ ಜಿ. ಪಿ. ಸ್ಯಾಂಡರ್ಸನ್ನನೇ ೧೮೭೪ರಲ್ಲಿ ಚಾಮರಾಜನಗರದ ಸಮೀಪದಲ್ಲಿ ಖೆಡ್ಡಾವನ್ನು ಯಶಸ್ವಿಯಾಗಿ ನಡೆಯಿಸಿ ಐವತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದನು. ಕೊಂದವರೂ ಇಲ್ಲದಿಲ್ಲ. ಕೊಡಗಿನ ಹಾಲೇರಿ ಅರಸರು ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಕೊಂದ ಮತ್ತು ಹಿಡಿದ ಆನೆಗಳ ಲೆಕ್ಕವನ್ನು ಕಲ್ಲಿನಲ್ಲಿ ಬರೆಯಿಸಿದರು. ಆದರೆ ಆ ಕಾಲಕ್ಕೆ ಕೋವಿಯು ಬಂದಿತ್ತು. ಶಾಸ್ತ್ರದ ಕಟ್ಟು ಸಡಿಲವಾಗಿತ್ತು. ಆತಕೂರಿನ ಕಲ್ಲು ಒಂದು ನಾಯಿಯ ಹೆಸರನ್ನು ಹೇಳಿದರೆ, ಕೊಡಗಿನ ಕಲ್ಲು ಸಂಖ್ಯೆಯನ್ನು ಹೇಳುತ್ತದೆ.

೫

ಆಯ್ಕೆಯೆಂದರೆ ಬಿಡುವುದೂ ಆಯ್ಕೆಯೇ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಬೆಟ್ಟಗಳಲ್ಲಿ ಕೊಲ್ಲದಿರುವ ವ್ರತವನ್ನು ಜೀವದ ಕೊನೆಯವರೆಗೂ ನಡೆಯಿಸಿದವರ ನಿಸಿದಿಗಲ್ಲುಗಳಿವೆ. ಕಾದಿ ಸತ್ತವನಿಗೂ ಉಪವಾಸದಿಂದ ದೇಹವನ್ನು ಬಿಟ್ಟವನಿಗೂ ಕಲ್ಲು ನಿಲ್ಲಿಸಿದುದು ಒಂದೇ ನಾಡು. ಜಿನಭಕ್ತರೇ ದಂಡನಾಯಕರಾಗಿದ್ದ ಹೊಯ್ಸಳ ರಾಜ್ಯದಲ್ಲಿ ಈ ಎರಡು ಆದರ್ಶಗಳು ಪರಸ್ಪರ ದೂರವಾಗಿರಲಿಲ್ಲ.

ಇಮ್ಮಡಿ ಬಲ್ಲಾಳನ ಆಸ್ಥಾನಕವಿಯಾದ ಜನ್ನನು ೧೨೦೯ರಲ್ಲಿ ಮುಗಿಸಿದ ಯಶೋಧರ ಚರಿತೆಯು ಈ ವಿಚಾರವನ್ನು ಅತ್ಯಂತ ಸೂಕ್ಷ್ಮವಾದ ಬಿಂದುವಿಗೆ ತಂದಿದೆ. ಅಲ್ಲಿ ಕೊಲೆಯಾದುದು ಹಿಟ್ಟಿನ ಕೋಳಿ. ಆದರೂ ಕೊಲ್ಲಬೇಕೆಂಬ ಸಂಕಲ್ಪವೇ ಜನ್ಮಜನ್ಮಾಂತರದ ದುಃಖಕ್ಕೆ ಕಾರಣವಾಯಿತು. ಅದೇ ಕಾವ್ಯದಲ್ಲಿ ಬೇಟೆಗೆ ಹೊರಟ ಯಶೋಮತಿಯು ಸುದತ್ತನೆಂಬ ಮುನಿಯ ಮೇಲೆ ನಾಯಿಗಳನ್ನು ಬಿಡುವನು; ಅವು ಮುನಿಯೆದುರು ಶಾಂತವಾಗುವುವು. ಹೊಯ್ಸಳ ಶಾಸನಗಳ ಮುನಿಯೂ ಸುದತ್ತ, ಜನ್ನನ ಮುನಿಯೂ ಸುದತ್ತ. ಯಶೋಧರನ ಕಥೆಯು ಜನ್ನನಿಗಿಂತ ಹಳೆಯದಾದುದರಿಂದ ಈ ನಾಮಸಾಮ್ಯಕ್ಕೆ ಐತಿಹಾಸಿಕ ಸಂಬಂಧವನ್ನು ಕಲ್ಪಿಸಬೇಕಾಗಿಲ್ಲ. ಆದರೂ ಹೊಯ್ಸಳ ಸಭೆಯಲ್ಲಿ ಆ ಕಾವ್ಯವನ್ನು ಕೇಳಿದವರು ಈ ಸಾಮ್ಯವನ್ನು ಗಮನಿಸದೆ ಇದ್ದಾರೆಂದು ನಂಬುವುದು ಕಷ್ಟ. ಒಬ್ಬ ಸುದತ್ತನ ಮಾತಿನಿಂದ ಆಯುಧವು ಮೇಲೆದ್ದಿತು. ಇನ್ನೊಬ್ಬ ಸುದತ್ತನ ಮೌನದಿಂದ ನಾಯಿಗಳು ತಲೆ ತಗ್ಗಿಸಿದುವು.

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮಡುವಿನ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಬಂದ ಯಾತ್ರಿಕರು ಪುರಿಯನ್ನು ಎರಚಿ ಅವುಗಳ ಆಟವನ್ನು ನೋಡುತ್ತಾರೆ. ಸೋಮೇಶ್ವರನು ಮತ್ಸ್ಯವಿನೋದದಲ್ಲಿ ಗಾಳಕ್ಕೆ ತಕ್ಕ ಮೀನುಗಳನ್ನೂ ಅವುಗಳಿಗೆ ಒಗ್ಗುವ ಆಹಾರಗಳನ್ನೂ ಹೇಳಿದ್ದಾನೆ. ಅದೇ ಜಾಣ್ಮೆಯು, ಅದೇ ಆಹಾರವು, ರಾಮನಾಥಪುರದ ಸೋಪಾನದಲ್ಲಿ ಗಾಳವಿಲ್ಲದೆ ನೀರಿಗೆ ಬೀಳುತ್ತದೆ.

೬

ಹತ್ತೊಂಬತ್ತನೆಯ ಶತಮಾನದಲ್ಲಿ ಮಂಜರಾಬಾದಿನ, ಎಂದರೆ ಇಂದಿನ ಸಕಲೇಶಪುರದ ಸೀಮೆಗೆ ಕಾಫಿ ತೋಟಗಳೊಡನೆ ಹೊಸ ಬಗೆಯ ಬೇಟೆಗಾರನು ಬಂದನು. ಅಲ್ಲಿ ತೋಟ ಮಾಡಿದ ರಾಬರ್ಟ್ ಎಲಿಯಟ್ಟನು ೧೮೭೧ರಲ್ಲಿಯೂ ೧೮೯೪ರಲ್ಲಿಯೂ ಪ್ರಕಟಿಸಿದ ಗ್ರಂಥಗಳು ಈ ಕಾಲಕ್ಕೆ ಮುಖ್ಯವಾದ ಆಧಾರಗಳು. ಎರಡನೆಯದರ ಹೆಸರಿನಲ್ಲಿಯೇ ಚಿನ್ನ, ಬೇಟೆ, ಕಾಫಿ ಈ ಮೂರೂ ಒಟ್ಟಿಗೆ ಬಂದಿವೆ. ಇಂತಹ ಬೇಟೆಗಾರರಿಗೆ ಹುಲಿಯೂ ಕಾಟಿಯೂ ಪ್ರಧಾನ ಮೃಗಗಳಾದುವು. ದನಗಾಹಿಗೆ ಕಾಟಿಯಿಂದ ಕೀರ್ತಿಯಿಲ್ಲ, ಒಕ್ಕಲಿಗನಿಗೆ ಅದರ ಮೇಲೆ ವಿಶೇಷ ಹಗೆಯಿಲ್ಲ. ಹೊಸ ಬೇಟೆಗಾರನಿಗಾದರೋ ಗೋಡೆಯ ಮೇಲೆ ನಿಲ್ಲಿಸುವುದಕ್ಕೆ ಅದರ ಕೊಂಬು ಬೇಕಾಗಿತ್ತು.

ಈ ಬದಲಾವಣೆಯು ಮೈಸೂರಿಗೆ ಮಾತ್ರ ಸಂಬಂಧಿಸಿದುದಲ್ಲ. ಆಫ್ರಿಕಾ ಖಂಡದಲ್ಲಿ ಕಾಲುನಡಿಗೆಯ ಬೇಟೆಗೆ ಅತ್ಯಂತ ಅಪಾಯಕರವೆಂದು ಸಿಂಹ, ಆನೆ, ಕಾಡೆಮ್ಮೆ, ಖಡ್ಗಮೃಗ, ಚಿರತೆ ಎಂಬ ಐದನ್ನು ಬೇಟೆಗಾರರು ವಿಂಗಡಿಸಿಕೊಂಡರು. ಲಂಡನ್ನಿನ ರೋಲೆಂಡ್ ವಾರ್ಡನು ೧೮೯೨ರಲ್ಲಿ ಕೊಂಬು ದಂತಗ್ಳ ಅಳತೆಯ ದಾಖಲೆಗಳನ್ನು ಪುಸ್ತಕರೂಪದಲ್ಲಿ ತಂದ ಮೇಲೆ, ಮೃಗವನ್ನು ಅಂಗುಲದಿಂದ ಅಳೆಯುವ ಪದ್ಧತಿಯು ಬಲವಾಯಿತು. ಅಮೆರಿಕದ ಅಧ್ಯಕ್ಷಪದವಿಯಿಂದ ಇಳಿದ ಥಿಯೊಡೋರ್ ರೂಸ್ವೆಲ್ಟನೂ ಅವನ ಮಗನೂ ೧೯೦೯–೧೦ರ ಆಫ್ರಿಕಾ ಯಾತ್ರೆಯಲ್ಲಿ ಐನೂರಕ್ಕೂ ಮೀರಿ ಪ್ರಾಣಿಗಳನ್ನು ಹೊಡೆದರು. ಅವುಗಳಲ್ಲಿ ಬಹುಭಾಗವು ವಸ್ತುಸಂಗ್ರಹಾಲಯಕ್ಕೆ ಹೋಯಿತು. ಭಾರತದ ಸಂಸ್ಥಾನಿಕರಾದರೋ ಆಫ್ರಿಕಾದಿಂದ ಮೃಗವನ್ನಲ್ಲ, ಬೇಟೆಯ ಸಾಧನವನ್ನೇ ತರಿಸಿದರು. ಟಿಪ್ಪುವಿನ ಕಾಲಕ್ಕೆ ಶ್ರೀರಂಗಪಟ್ಟಣದಲ್ಲಿ ಕೃಷ್ಣಮೃಗದ ಬೇಟೆಗೆಂದು ಸಾಕಿದ್ದ ಚೀತಾಗಳು ಈ ದೇಶದವೇ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅವು ವಿರಳವಾದುದರಿಂದ ಭಾವನಗರ, ಕೊಲ್ಹಾಪುರ ಮೊದಲಾದ ಸಂಸ್ಥಾನಗಳು ಆಫ್ರಿಕಾದ ಚೀತಾಗಳನ್ನು ತರಿಸಿಕೊಂಡುವು. ೧೯೫೨ರಲ್ಲಿ ಭಾರತದ ಚೀತಾ ಅಳಿದುಹೋಯಿತೆಂದು ಸಾರಲಾಯಿತು.

ಇಲ್ಲಿ ಮೂಲಪ್ರಶ್ನೆಗೆ ಉತ್ತರವು ದೊರೆಯುತ್ತದೆ. ನಾಯಿಯು ಹಂದಿಯನ್ನು ಆಯ್ದಿತು, ಚೀತಾ ಕೃಷ್ಣಮೃಗವನ್ನು ಆಯ್ದಿತು, ದೀವವು ಜಿಂಕೆಯನ್ನು ಆಯ್ದಿತು, ಬಲೆಯು ಮೊಲವನ್ನು ಆಯ್ದಿತು. ಸಾಧನಕ್ಕೆ ಒಂದು ಸ್ವಭಾವವಿದ್ದುದರಿಂದ ಬೇಟೆಗಾರನ ಬಯಕೆಗೆ ಒಂದು ಎಲ್ಲೆಯಿತ್ತು. ಕೋವಿಗೆ ಅಂತಹ ಸ್ವಭಾವವಿಲ್ಲ. ಅದು ಎಲ್ಲ ಮೃಗಗಳಿಗೂ ಸಮಾನ. ಆದಕಾರಣ ಯಾವ ಮೃಗವನ್ನು ಹೊಡೆಯಬೇಕೆಂಬುದು ಸಂಪೂರ್ಣವಾಗಿ ವ್ಯಕ್ತಿಯ ಇಚ್ಛೆಗೆ ಸೇರಿದುದು ಕೋವಿ ಬಂದ ಮೇಲೆಯೇ. ಎಲ್ಲೆಯನ್ನು ಹೊರಗಿನಿಂದ ಹಾಕಬೇಕಾಗಿ ಬಂದುದೂ ಆಗಲೇ. ಹುಲಿಯನ್ನು ಕೊಂದವರಿಗೆ ಬಹುಮಾನ ಕೊಡುತ್ತಿದ್ದ ಆಡಳಿತಗಳೇ ಕ್ರಮೇಣ ಕೊಲ್ಲುವುದಕ್ಕೆ ನಿಬಂಧನೆಗಳನ್ನು ವಿಧಿಸಿದುವು. ಮೈಸೂರು ಸಂಸ್ಥಾನವು ೧೯೦೧ರಲ್ಲಿ ಬೇಟೆಯ ಮೃಗಗಳ ಮತ್ತು ಮೀನುಗಳ ರಕ್ಷಣೆಗೆ ರೆಗ್ಯುಲೇಷನ್ನನ್ನು ಜಾರಿಗೆ ತಂದಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ವಿನೋದದ ಬೇಟೆಯ ಯುಗವನ್ನು ಮುಗಿಸಿತು. ಮರುವರ್ಷ ಹುಲಿಯೋಜನೆಗೆ ಸೇರಿದ ಮೊದಲ ಅರಣ್ಯಗಳಲ್ಲಿ ಬಂಡೀಪುರವೂ ಒಂದು.

೭

ಈ ಚರಿತ್ರೆಯಲ್ಲಿ ಆಯ್ಕೆಯ ಸುಖವನ್ನು ಎಂದೂ ಕಾಣದವನು ಒಬ್ಬನಿದ್ದಾನೆ. ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರು ಹೋಬಳಿಯಂತಹ ಬಯಲು ಸೀಮೆಯ ಒಕ್ಕಲಿಗನು ಯುಗಾದಿಯ ಮರುದಿನದ ಹೊಸತೊಡಕಿನಲ್ಲಿ ಬಲೆ ದೊಣ್ಣೆಗಳೊಡನೆ ಮೊಲವನ್ನೋ ಹಂದಿಯನ್ನೋ ಅರಸಿ ಹೊರಟಿದ್ದರೆ, ಅದು ವರ್ಷಕ್ಕೊಂದು ದಿನ. ಉಳಿದ ದಿನಗಳಲ್ಲಿ ಹೊಲದ ಅಟ್ಟಣೆಯ ಮೇಲೆ ಕುಳಿತು ರಾತ್ರಿಯೆಲ್ಲ ಕೂಗಿ ಕಾಯುವುದೇ ಅವನ ಪಾಲಿನ ಮೃಗಯೆ. ಯಾವ ಮೃಗ ಬರಬೇಕೆಂಬುದನ್ನು ಅವನು ಆಯ್ದವನಲ್ಲ. ಅವನ ಹೊಲವನ್ನು ಅಗೆದ ಹಂದಿಯೇ ಅರಸನ ಕಾವ್ಯದಲ್ಲಿ ಮಾಯೆಯ ಹಂದಿಯಾಯಿತು. ಅವನ ದನವನ್ನು ಹಿಡಿದ ಹುಲಿಯೇ ವಂಶದ ಲಾಂಛನವಾಯಿತು. ಊರಿನ ಕಷ್ಟವನ್ನು ಬಲ್ಲ ವೀರಗಲ್ಲು ಮಾತ್ರ ಅವನ ಕಡೆಗೆ ನಿಂತಿತು.

ಆ ಕಷ್ಟವು ಮುಗಿದಿಲ್ಲ. ಹಾಸನ ಜಿಲ್ಲೆಯ ಆಲೂರು, ಸಕಲೇಶಪುರ, ಬೇಲೂರು ಸೀಮೆಗಳಲ್ಲಿ ಕಾಡಾನೆಗಳು ಕಾಫಿ ತೋಟಗಳಿಗೂ ಗದ್ದೆಗಳಿಗೂ ಬರುತ್ತಿವೆ. ಅವುಗಳನ್ನು ಕೊಲ್ಲುವಂತಿಲ್ಲ, ಹಳೆಯ ಶಾಸ್ತ್ರದಂತೆ, ಪಳಗಿದ ಆನೆಗಳ ನೆರವಿನಿಂದ ಹಿಡಿಯಬೇಕು. ಮೈಸೂರು ದಸರೆಯಲ್ಲಿ ಎಂಟು ಬಾರಿ ಚಿನ್ನದ ಅಂಬಾರಿಯನ್ನು ಹೊತ್ತ ಅರ್ಜುನನೆಂಬ ಆನೆಯು ೨೦೨೩ರ ಡಿಸೆಂಬರ್ ೪ರಂದು ಸಕಲೇಶಪುರ ತಾಲ್ಲೂಕಿನ ಯಸಳೂರಿನ ಬಳಿ ಇಂತಹ ಕಾರ್ಯಾಚರಣೆಯಲ್ಲಿ ಕಾಡಾನೆಯೊಡನೆ ಹೋರಾಡಿ ಸತ್ತಿತು. ಅದನ್ನು ಅಲ್ಲಿಯೇ ಮಣ್ಣುಮಾಡಿದರು. ಜನರು ದುಃಖಿಸಿದರು; ಸ್ಮಾರಕ ಬೇಕೆಂದು ಕೇಳಿದರು. ಸಾವಿರ ವರ್ಷಗಳ ಹಿಂದೆ ಆತಕೂರಿನಲ್ಲಿ ಕಾಳಿಗೆ ಕಲ್ಲು ನಿಲ್ಲಿಸಿದವರ ಮನಸ್ಸು ಈ ಬೇಡಿಕೆಯಲ್ಲಿ ಇನ್ನೂ ಉಳಿದಿದೆ. ಮನುಷ್ಯನು ಆಯ್ದ ಕಾಳಗದಲ್ಲಿ ಮನುಷ್ಯನಿಗಾಗಿ ಸತ್ತ ಪ್ರಾಣಿಗೆ ಅವನು ಋಣಿಯೆಂಬುದೇ ಆ ಕಲ್ಲಿನ ಅರ್ಥವಾಗಿತ್ತು. ಬೇಟೆಯು ನಿಂತ ಮೇಲೆಯೂ ಆ ಋಣವು ತೀರಿಲ್ಲ.